ಗೆಜ್ಜೆ ಬಿಚ್ಚಿಟ್ಟ ಮೇಲೆ ಕಲಿತ ಲೆಕ್ಕ

ಲಿಫ್ಟ್ ಕೆಟ್ಟಿದ್ದ ಒಂದು ಸಂಜೆ, ಎರಡೂ ಕೈಗಳಲ್ಲಿ ಚೀಲ ಹಿಡಿದು ಮೂರನೆಯ ಮಹಡಿಯ ಮನೆಗೆ ಮೆಟ್ಟಿಲು ಹತ್ತುತ್ತಿದ್ದ ನಾನು ಎರಡನೆಯ ತಿರುವಿನಲ್ಲಿ ಗೋಡೆಗೆ ಒರಗಿ ನಿಂತುಬಿಟ್ಟೆ. ಹಿಂದಿನಿಂದ ಬರುತ್ತಿದ್ದ ನೆರೆಮನೆಯವರು, ನನಗಿಂತ ಇಪ್ಪತ್ತು ವರ್ಷವಾದರೂ ಹಿರಿಯರು, ಒಂದು ಚೀಲವನ್ನು ನನ್ನ ಕೈಯಿಂದ ಇಸಿದುಕೊಂಡು, "ನಿಧಾನವಾಗಿ ಬನ್ನಿ, ಅವಸರವೇನಿಲ್ಲ" ಎಂದು ಹೇಳಿ ಮುಂದೆ ಹೋದರು. ಮಾತನಾಡುವಾಗ ಅವರ ಉಸಿರು ಒಂದಿಷ್ಟೂ ಕದಲಿರಲಿಲ್ಲ. ಆಗ ನನಗೆ 41 ವರ್ಷ. ಏಳನೆಯ ವಯಸ್ಸಿನಿಂದ 29ರವರೆಗೆ ಭರತನಾಟ್ಯವನ್ನು ಕಲಿತು, ವೇದಿಕೆಯ ಮೇಲೆ ಆಡಿ, ಕಡೆಯ ಕೆಲವು ವರ್ಷ ಮಕ್ಕಳಿಗೆ ಕಲಿಸಿಯೂ ಇದ್ದ ನನಗೆ, ಏದುಸಿರಿಗಿಂತ ಹೆಚ್ಚಾಗಿ ಆ ಚೀಲ ಕೈಬಿಟ್ಟುಹೋದದ್ದು ಅವಮಾನವೆನಿಸಿತು.

ನೃತ್ಯವನ್ನು ಬಿಟ್ಟು ಹನ್ನೆರಡು ವರ್ಷಗಳಾಗಿದ್ದರೂ, ನಾನು ಗಟ್ಟಿ ದೇಹದವಳು ಎಂಬ ನಂಬಿಕೆಯನ್ನು ಬಿಟ್ಟಿರಲಿಲ್ಲ. ಬೆನ್ನು ನೆಟ್ಟಗಿತ್ತು, ಕುತ್ತಿಗೆ ನೀಳವಾಗಿತ್ತು, ಬಾಗಿದರೆ ಅಂಗೈಗಳು ಇನ್ನೂ ನೆಲವನ್ನು ಮುಟ್ಟುತ್ತಿದ್ದವು. ಮದುವೆಮನೆಗಳಲ್ಲಿ ಯಾರಾದರೂ, "ನೀವು ಡ್ಯಾನ್ಸರ್ ಇರಬೇಕು, ನಿಂತ ಭಂಗಿಯಲ್ಲೇ ಗೊತ್ತಾಗುತ್ತದೆ" ಎಂದರೆ, ಎಂದೋ ಇಟ್ಟ ಠೇವಣಿಯ ಬಡ್ಡಿ ಕೈಗೆ ಬಂದಂತೆ ಸಂತೋಷಪಡುತ್ತಿದ್ದೆ. ಅಸಲು ಕರಗಿ ಎಷ್ಟೋ ಕಾಲವಾಗಿತ್ತು ಎಂಬುದು ತಿಳಿದದ್ದು ಆ ವಾರ ಮಾಡಿಸಿದ ರಕ್ತಪರೀಕ್ಷೆಯಿಂದ. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತಿಳಿಸುವ ಎಚ್‌ಬಿಎ1ಸಿ 6.1 ಇತ್ತು. 5.7ರಿಂದ 6.4ರವರೆಗಿನದು ಮಧುಮೇಹದ ಹೊಸ್ತಿಲು ಎಂದು ವೈದ್ಯರು ವಿವರಿಸಿದರು. ತೂಕ ಅಷ್ಟೇನೂ ಹೆಚ್ಚಿರಲಿಲ್ಲ, ಆದ್ದರಿಂದಲೇ ನನಗೆ ಅನುಮಾನವೂ ಬಂದಿರಲಿಲ್ಲ. ಮೂವತ್ತು ದಾಟಿದ ಮೇಲೆ, ಬಳಸದ ಸ್ನಾಯು ದಶಕಕ್ಕೆ ಶೇಕಡಾ 3ರಿಂದ 8ರಷ್ಟು ಕರಗಬಹುದೆಂದು ಸಾಮಾನ್ಯವಾಗಿ ಅಂದಾಜಿಸಲಾಗುತ್ತದೆ. ಸ್ನಾಯುವಿನ ಜಾಗಕ್ಕೆ ಕೊಬ್ಬು ಬಂದು ಕುಳಿತರೆ ತೂಕದ ಯಂತ್ರ ಅದನ್ನು ಹೇಳುವುದಿಲ್ಲ. ಊಟದ ನಂತರ ರಕ್ತಕ್ಕೆ ಬರುವ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳಬೇಕಾದದ್ದು ಸ್ನಾಯುವೇ ಆದ್ದರಿಂದ, ನನ್ನ ವರದಿಯಲ್ಲಿದ್ದ ಆ ಅಂಕಿಗೂ ಮೆಟ್ಟಿಲಿನ ಮೇಲಿನ ಏದುಸಿರಿಗೂ ಬೇರು ಒಂದೇ ಆಗಿತ್ತು.

ಆದರೆ ನನ್ನನ್ನು ಹೆಚ್ಚು ಕಲಕಿದ್ದು ಇನ್ನೊಂದು ಸಂಗತಿ. ನಾನು ಕುಣಿಯುತ್ತಿದ್ದ ಕಾಲದಲ್ಲಿ ಕೂಡ, ನಾನು ತಿಳಿದಷ್ಟು ಆರೋಗ್ಯವಾಗಿರಲಿಲ್ಲ.

ಹೃದಯ ಮತ್ತು ಶ್ವಾಸಕೋಶದ ಬಲವನ್ನೇ ತೆಗೆದುಕೊಳ್ಳೋಣ. ಭರತನಾಟ್ಯದ ದೀರ್ಘ ನೃತ್ಯವಾದ, ಮುಕ್ಕಾಲು ಗಂಟೆಯ ವರ್ಣವನ್ನು ಮಾಡಬಲ್ಲವಳಿಗೆ ಉಸಿರಿನ ತೊಂದರೆ ಹೇಗೆ ಸಾಧ್ಯ ಎಂದು ಕೇಳುವವರು ವರ್ಣದ ಒಳರಚನೆಯನ್ನು ಗಮನಿಸಬೇಕು. ಜತಿ, ಅಂದರೆ ಬಿರುಸಿನ ಹೆಜ್ಜೆಗಳ ಭಾಗ, ಬಂದಾಗ ಒಂದೆರಡು ನಿಮಿಷ ಎದೆ ನಗಾರಿಯಂತೆ ಬಡಿದುಕೊಳ್ಳುತ್ತದೆ, ಬಳಿಕ ಸಾಹಿತ್ಯದ ಸಾಲಿಗೆ ಅಭಿನಯ ಆರಂಭವಾಗುತ್ತಲೇ ಉಸಿರು ತನ್ನ ಜಾಗಕ್ಕೆ ಮರಳುತ್ತದೆ, ಮತ್ತೆ ಜತಿ, ಮತ್ತೆ ಅಭಿನಯ. ತರಗತಿಯಲ್ಲಂತೂ ಒಂದು ಅಡವು, ಅಂದರೆ ಹೆಜ್ಜೆಯ ಮೂಲ ಪಾಠ, ಮುಗಿದರೆ ಗುರುಗಳು ತಿದ್ದುವವರೆಗೆ ನಿಲ್ಲುವುದೇ ಹೆಚ್ಚು. ಬ್ಯಾಲೆ ಮತ್ತು ಸಮಕಾಲೀನ ನೃತ್ಯದ ಕಲಾವಿದರನ್ನು ಪರೀಕ್ಷಿಸಿದ ಸಂಶೋಧಕರು ಕಂಡುಕೊಂಡದ್ದೂ ಇದನ್ನೇ: ದಿನನಿತ್ಯದ ತರಗತಿಯ ಶ್ರಮ ಹೃದಯದ ಸಾಮರ್ಥ್ಯವನ್ನು ಏರಿಸುವಷ್ಟು ತೀವ್ರವಾಗಿರುವುದಿಲ್ಲ, ಪ್ರದರ್ಶನದ ಶ್ರಮ ಮಾತ್ರ ತರಗತಿಗಿಂತ ಬಹಳ ಹೆಚ್ಚಿರುತ್ತದೆ. ಜೊತೆಗೆ, ಸಾವಿರ ಸಲ ಮಾಡಿದ ಚಲನೆಯನ್ನು ದೇಹ ಮಿತವ್ಯಯದಿಂದ ಮಾಡಲು ಕಲಿತುಬಿಡುತ್ತದೆ. ಕಲೆಗೆ ಅದು ವರ, ವ್ಯಾಯಾಮವೆಂದು ನೋಡಿದರೆ ನಷ್ಟ. ಇದ್ದಷ್ಟು ಸಾಮರ್ಥ್ಯವೂ ಅಭ್ಯಾಸ ನಿಂತ ಎರಡು ಮೂರು ವಾರಗಳಲ್ಲೇ ಇಳಿಯತೊಡಗುತ್ತದೆ ಎಂದಾಗ, ಹನ್ನೆರಡು ವರ್ಷಗಳ ನಂತರ ನನ್ನಲ್ಲಿ ಏನು ಉಳಿದಿರಬಹುದೆಂಬ ಪ್ರಶ್ನೆಗೆ ಮೆಟ್ಟಿಲೇ ಉತ್ತರ ಕೊಟ್ಟಿತ್ತು.

ಮಂಡಿಯ ಕಥೆ ಇನ್ನೂ ಹಳೆಯದು. ನಾನು ನೃತ್ಯವನ್ನು ಬಿಡಲು ಎಲ್ಲರಿಗೂ ಹೇಳಿದ ಕಾರಣ ಮನೆ ಮತ್ತು ಮಗು. ಯಾರಿಗೂ ಹೇಳದ ಕಾರಣ ಬಲ ಮಂಡಿ. ಅರ್ಧ ಕುಳಿತ ಭಂಗಿಯಾದ ಅರೆಮಂಡಿಯಲ್ಲಿ ಪಾದಗಳು ಎರಡು ಪಕ್ಕಗಳಿಗೆ ತಿರುಗಿರಬೇಕು, ಮಂಡಿಗಳು ಪಾದಗಳ ದಿಕ್ಕಿನಲ್ಲೇ ತೆರೆದುಕೊಳ್ಳಬೇಕು. ಈ ತಿರುವು ಹುಟ್ಟಬೇಕಾದದ್ದು ಸೊಂಟದ ಕೀಲಿನಲ್ಲಿ. ಆದರೆ ಸೊಂಟದ ಕೀಲು ಎಷ್ಟು ತಿರುಗಬಲ್ಲದೆಂಬುದನ್ನು ಬಹುಮಟ್ಟಿಗೆ ಅವರವರ ಎಲುಬಿನ ಆಕಾರವೇ ತೀರ್ಮಾನಿಸುತ್ತದೆ. ನನ್ನದು ಅಷ್ಟು ತಿರುಗುವ ಕೀಲಲ್ಲ. ಹಾಗಾಗಿ ನಾನು ಮಾಡುತ್ತಿದ್ದ ಉಪಾಯವೆಂದರೆ ಮೊದಲು ಪಾದಗಳನ್ನು ಬೇಕಾದಷ್ಟು ತಿರುಗಿಸಿ ನೆಲಕ್ಕೆ ಒತ್ತಿ ಹಿಡಿಯುವುದು, ಮೇಲಿನದೆಲ್ಲ ಹೇಗೋ ಹಿಂಬಾಲಿಸಲಿ ಎಂದು ಬಿಡುವುದು. ಪಾದ ಹೊರಕ್ಕೆ, ತೊಡೆ ಒಳಕ್ಕೆ ಎಳೆಯುವಾಗ ನಡುವೆ ಸಿಕ್ಕಿಕೊಂಡ ಮಂಡಿ ಒದ್ದೆ ಬಟ್ಟೆಯನ್ನು ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ. ಅದರ ಮೇಲೆ, ಗಟ್ಟಿ ನೆಲದ ಮೇಲೆ ಬರಿಗಾಲಿನಲ್ಲಿ ದಿನಕ್ಕೆ ಎರಡು ಗಂಟೆ ಪಾದ ತಟ್ಟುವ, ಹಿಮ್ಮಡಿ ಊರುವ ತಟ್ಟಡವು, ನಾಟ್ಟಡವು. ಅರೆಮಂಡಿಯನ್ನು ನಾನು ದೂರುತ್ತಿಲ್ಲ. ಸೊಂಟದಿಂದ ತಿರುಗಿ, ತೊಡೆಯ ಬಲದಿಂದ ಕುಳಿತು, ಇಪ್ಪತ್ತು ವರ್ಷ ನೋವಿಲ್ಲದೆ ಆಡಿದವರನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನನಗೆ ಸಾಧ್ಯವಾದಷ್ಟೇ ತೆರೆದುಕೊಳ್ಳುವ ಅರೆಮಂಡಿಯನ್ನು ನಾನು ಒಪ್ಪಿಕೊಳ್ಳಲಿಲ್ಲ ಎಂಬುದಷ್ಟೇ ನನ್ನ ದೂರು, ಅದೂ ನನ್ನ ಮೇಲೆ.

ಫಿಸಿಯೋಥೆರಪಿಸ್ಟ್ ಒಬ್ಬರ ಮುಂದೆ ನಿಂತಾಗ ಇದೆಲ್ಲ ಹತ್ತು ನಿಮಿಷಗಳಲ್ಲಿ ಬಯಲಾಯಿತು. ಕಾಲನ್ನು ಕಿವಿಯವರೆಗೆ ಎತ್ತಬಲ್ಲೆನೆಂದು ನಾನು ಸ್ವಲ್ಪ ಹೆಮ್ಮೆಯಿಂದಲೇ ತೋರಿಸಿದೆ. ಅವರು ಅದನ್ನು ನೋಡಿ ತಲೆಯಾಡಿಸಿ, ಒಂದು ಕಾಲಿನ ಮೇಲೆ ನಿಂತು ಕುರ್ಚಿಯ ಎತ್ತರಕ್ಕೆ ನಿಧಾನವಾಗಿ ಕುಳಿತು ಏಳಲು ಹೇಳಿದರು. ಅರ್ಧ ಇಳಿಯುವಷ್ಟರಲ್ಲಿ ಮಂಡಿ ಒಳಕ್ಕೆ ವಾಲಿ, ಸೊಂಟ ಪಕ್ಕಕ್ಕೆ ಜಾರಿ, ನಾನು ಕುರ್ಚಿಯ ಮೇಲೆ ಧೊಪ್ಪೆಂದು ಕುಳಿತೆ. "ನಿಮ್ಮ ಕೀಲುಗಳು ಎಷ್ಟು ದೂರ ಹೋಗಬಲ್ಲವೋ ಅಷ್ಟು ದೂರ ಹಿಡಿದಿಟ್ಟುಕೊಳ್ಳುವ ಬಲ ಸ್ನಾಯುಗಳಿಗಿಲ್ಲ" ಎಂದು ಅವರು ಹೇಳಿದ ಮಾತನ್ನು ನಾನು ಮನೆಗೆ ಬಂದು ಬರೆದಿಟ್ಟುಕೊಂಡೆ. ದಿನವೂ ಬೆಳಿಗ್ಗೆ ನಾನು ಮಾಡುತ್ತಿದ್ದ ವ್ಯಾಯಾಮವೆಂದರೆ ದೇಹವನ್ನು ಎಳೆದು ಹಿಗ್ಗಿಸುವುದೊಂದೇ ಆಗಿತ್ತು. ಮೊದಲೇ ಸಡಿಲವಾಗಿದ್ದುದನ್ನು ಮತ್ತಷ್ಟು ಸಡಿಲಗೊಳಿಸುತ್ತಿದ್ದೆ, ಏಕೆಂದರೆ ನನಗೆ ಚೆನ್ನಾಗಿ ಬರುತ್ತಿದ್ದುದು ಅದೇ.

ಇಷ್ಟು ತಿಳಿದ ಮೇಲಾದರೂ ವಿವೇಕದಿಂದ ಶುರುಮಾಡಿದೆನೇ ಎಂದರೆ, ಇಲ್ಲ. ರಂಗಪ್ರವೇಶಕ್ಕೆ ಸಿದ್ಧಳಾಗುವ ಹುಡುಗಿಯ ಹುರುಪಿನಲ್ಲಿ ಮೊದಲ ದಿನವೇ ಒಂದು ಗಂಟೆ ಓಡು-ನಡೆ, ಎರಡನೆಯ ದಿನ ಮತ್ತೆ ಒಂದು ಗಂಟೆ, ಮೂರನೆಯ ದಿನ ನೂರು ಬಸ್ಕಿ. ಎರಡು ವಾರ ತುಂಬುವ ಮುನ್ನ ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಡುವಾಗ ಹಿಮ್ಮಡಿಗೆ ಮೊಳೆ ಹೊಡೆದಂತಾಗತೊಡಗಿತು. ಅಂಗಾಲಿನುದ್ದಕ್ಕೂ ಇರುವ ಗಟ್ಟಿ ಪಟ್ಟಿಯ ನೋವು ಅದು, ರಾತ್ರಿಯ ವಿಶ್ರಾಂತಿಯ ನಂತರದ ಮೊದಲ ಹೆಜ್ಜೆಗಳಲ್ಲಿ ಕಾಣಿಸಿಕೊಳ್ಳುವುದೇ ಅದರ ಲಕ್ಷಣ. ಮೂರು ತಿಂಗಳು ಅದರ ಉಪಚಾರದಲ್ಲೇ ಕಳೆದವು. ಎಲ್ಲವನ್ನೂ ಬಿಟ್ಟು ಕುಳಿತುಕೊಳ್ಳುವ ಮನಸ್ಸಾದರೂ, ಬಿಡದಂತೆ ಮಾಡಿದ್ದು ಆ ಹಿಮ್ಮಡಿಗೆಂದೇ ಹೇಳಿಕೊಟ್ಟ ಒಂದು ಸಣ್ಣ ವ್ಯಾಯಾಮ: ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲಿನ ಮೇಲೆ ನಿಂತು, ಹಿಮ್ಮಡಿಯನ್ನು ನಿಧಾನವಾಗಿ ಏರಿಸಿ ನಿಧಾನವಾಗಿ ಇಳಿಸುವುದು. ನನ್ನನ್ನು ಅವಮಾನಿಸಿದ ಅದೇ ಮೆಟ್ಟಿಲು ಮೂರು ತಿಂಗಳು ನನ್ನ ಅಭ್ಯಾಸದ ವೇದಿಕೆಯಾಗಿತ್ತು.

ಹಿಮ್ಮಡಿ ಸುಧಾರಿಸಿದ ಬಳಿಕ ಜಿಮ್ ಸೇರಿದೆ. ನನ್ನ ತರಬೇತುದಾರಳು ನನಗಿಂತ ಹದಿನೈದು ವರ್ಷ ಚಿಕ್ಕವಳು, ಮಾತು ಕಡಿಮೆ, ಕಣ್ಣು ಚುರುಕು. ಮೊದಲ ದಿನ ಅವಳು ಹೇಳಿದ್ದು ಪಾದಗಳನ್ನು ನೇರವಾಗಿ ಇಟ್ಟುಕೊಂಡು ನಿಲ್ಲಲು. ನಿಂತೆ. ಅವಳು ಆ ಕಡೆ ತಿರುಗಿ ಈ ಕಡೆ ನೋಡುವಷ್ಟರಲ್ಲಿ ಪಾದಗಳು ತಮ್ಮ ಪಾಡಿಗೆ ತಾವು ಪಕ್ಕಕ್ಕೆ ತಿರುಗಿಕೊಂಡಿದ್ದವು. ಆ ತಿಂಗಳಿಡೀ "ಮೇಡಂ, ಪಾದ" ಎಂಬ ಎರಡು ಪದಗಳನ್ನು ಅವಳು ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ. ಮಂಡಿಯನ್ನು ಹಿಂದಕ್ಕೆ ಬಿಲ್ಲಿನಂತೆ ಬಾಗಿಸಿ ನಿಲ್ಲುವುದು ನನಗೆ ಮೊದಲಿನಿಂದ ರೂಢಿ. ಅದನ್ನೂ ಅವಳು ಬಿಡಿಸಿದಳು. ಪೂರ್ತಿ ಕುಳಿತ ಭಂಗಿಯಾದ ಮುಳುಮಂಡಿಯಲ್ಲಿ ತಿರುಗಬಲ್ಲ ನನಗೆ, ಪಾದ ನೇರವಿಟ್ಟು, ಹತ್ತು ಕಿಲೋ ತೂಕವನ್ನು ಎದೆಗಾನಿಸಿಕೊಂಡು ಎಂಟು ಬಸ್ಕಿಗಳನ್ನು ಸರಿಯಾಗಿ ಮಾಡಲು ಮೂರು ವಾರ ಹಿಡಿಯಿತು.

ಒಂದು ದಿನ ಡೆಡ್‌ಲಿಫ್ಟ್ ಮಾಡುತ್ತಿದ್ದಾಗ, ಅಂದರೆ ನೆಲದ ಮೇಲಿನ ಭಾರವನ್ನು ಬೆನ್ನು ನೆಟ್ಟಗಿಟ್ಟುಕೊಂಡು ಎತ್ತಿ ನಿಲ್ಲುವಾಗ, ಅವಳು ನನ್ನನ್ನು ತಡೆದು, "ಮೇಡಂ, ನೀವು ಯಾಕೆ ನಗುತ್ತಿದ್ದೀರಿ?" ಎಂದು ಕೇಳಿದಳು. ಎದುರಿನ ಕನ್ನಡಿಯಲ್ಲಿ ನೋಡಿಕೊಂಡೆ. ನಿಜ, ನನ್ನ ಮುಖದಲ್ಲಿ ತಿಲ್ಲಾನವೆಂಬ ಉಲ್ಲಾಸದ ನೃತ್ಯಕ್ಕೆ ತಕ್ಕ ಪ್ರಸನ್ನತೆಯಿತ್ತು, ಹುಬ್ಬುಗಳೂ ಒಂದಿಷ್ಟು ಮೇಲೇರಿದ್ದವು. ಶ್ರಮ ಮುಖದ ಮೇಲೆ ಕಾಣಬಾರದು, ಉಸಿರು ಸಭಿಕರಿಗೆ ಕೇಳಬಾರದು ಎಂಬುದು ನನಗೆ ಅಕ್ಷರಾಭ್ಯಾಸದಷ್ಟೇ ಹಳೆಯ ಪಾಠ. ಆ ಪಾಠದ ಬೆಲೆಯೆಂದರೆ ಕಷ್ಟ ಬಂದಾಗಲೆಲ್ಲ ನಾನು ಉಸಿರು ಬಿಗಿಹಿಡಿಯುತ್ತಿದ್ದೆ. ಭಾರ ಎತ್ತುವಾಗ ಹೀಗೆ ಉಸಿರು ಕಟ್ಟಿದರೆ ರಕ್ತದೊತ್ತಡ ಆ ಕ್ಷಣಕ್ಕೆ ಜಿಗಿಯುತ್ತದೆ. ಆದ್ದರಿಂದ ನನ್ನಂಥ ಹೊಸಬರಿಗೆ ಎತ್ತುವಾಗ ಉಸಿರು ಬಿಡಲು, ಇಳಿಸುವಾಗ ಒಳಗೆಳೆದುಕೊಳ್ಳಲು ಕಲಿಸುತ್ತಾರೆ. ಶಬ್ದ ಮಾಡಿ ಉಸಿರು ಬಿಡಲು ನನಗೆ ಬಹಳ ನಾಚಿಕೆಯಾಗುತ್ತಿತ್ತು. ಈಗ ಬಿಡುತ್ತೇನೆ, ಪಕ್ಕದವರಿಗೆ ಕೇಳಿಸುವಂತೆ. ಮುಖವನ್ನು ಅದರ ಪಾಡಿಗೆ ಬಿಟ್ಟಿದ್ದೇನೆ, ಕನ್ನಡಿಗೆ ಬೆನ್ನು ಹಾಕಿ ನಿಲ್ಲುತ್ತೇನೆ. ಕನ್ನಡಿಯಲ್ಲಿ ಗೆರೆ ಸರಿಯಿದೆಯೇ ಎಂದು ನೋಡುವ ಕಣ್ಣು ಇರುವವರೆಗೆ, ತೊಡೆಯ ಹಿಂಭಾಗ ಕೆಲಸ ಮಾಡುತ್ತಿದೆಯೇ ಎಂದು ಒಳಗಿನಿಂದ ತಿಳಿಯುವ ಅರಿವು ನನಗೆ ಬರುತ್ತಿರಲಿಲ್ಲ.

ಎಣಿಕೆಯ ಜಗಳವನ್ನು ಹೇಳದಿದ್ದರೆ ನೃತ್ಯ ಬಲ್ಲ ಓದುಗರು ನನ್ನನ್ನು ಕ್ಷಮಿಸಲಾರರು. ಜಿಮ್ಮಿನ ಲೆಕ್ಕವೆಲ್ಲ ಹತ್ತು, ಹನ್ನೆರಡು, ಹದಿನೈದು. ನನ್ನ ದೇಹದ ಲೆಕ್ಕ ಎಂಟು. ಆದಿತಾಳದ ಎಂಟು ಅಕ್ಷರಗಳಲ್ಲಿ ಬೆಳೆದವಳಿಗೆ ಹತ್ತಕ್ಕೆ ನಿಲ್ಲುವುದೆಂದರೆ ಎರಡನೆಯ ಸುತ್ತಿನ ಎರಡನೆಯ ಅಕ್ಷರದಲ್ಲೇ ಕಾಲು ಕಟ್ಟಿದ ಹಾಗೆ. ಸಮಕ್ಕೆ, ಅಂದರೆ ತಾಳದ ಮೊದಲ ಅಕ್ಷರಕ್ಕೆ, ಬಂದು ಮುಗಿಯದ ಯಾವುದೂ ನನಗೆ ಮುಗಿದಂತೆ ಅನಿಸುವುದಿಲ್ಲ. ಹಾಗಾಗಿ ಹತ್ತು ಹೇಳಿದರೆ ಹದಿನಾರು ಮಾಡಿಬಿಡುತ್ತಿದ್ದೆ, ಮರುದಿನ ನಡೆಯಲಾಗದೆ ಒದ್ದಾಡುತ್ತಿದ್ದೆ. ಇದಕ್ಕೆ ಪರಿಹಾರ ಕೊನೆಗೆ ತಾಳದಲ್ಲೇ ಸಿಕ್ಕಿತು: ಹತ್ತೆಂದರೆ "ತಕ ತಕಿಟ" ಎಂಬ ಖಂಡದ ಐದನ್ನು ಎರಡು ಸಲ ಹೇಳುವುದು, ಹನ್ನೆರಡೆಂದರೆ "ತಕಿಟ" ಎಂಬ ತಿಶ್ರವನ್ನು ನಾಲ್ಕು ಸಲ, ಹದಿನೈದೆಂದರೆ ಖಂಡವೇ ಮೂರು ಸಲ. ಮೂರು ಸಲ ಬಂದು ಮುಗಿಯುವುದರಿಂದ ಹದಿನೈದಕ್ಕೆ ಜತಿಯನ್ನು ಮುಗಿಸುವ ತೀರ್ಮಾನದ ಗತ್ತೂ ಬರುತ್ತದೆ. ನಾನು ತುಟಿಯಲ್ಲಿ ಏನೋ ಗುನುಗುತ್ತ ಭಾರ ಎತ್ತುವುದನ್ನು ಕಂಡು ಮಂತ್ರ ಹೇಳಿಕೊಳ್ಳುತ್ತಿದ್ದೇನೆಂದು ಒಬ್ಬರು ಭಾವಿಸಿದ್ದರಂತೆ.

ಇದು ತಮಾಷೆಯಾಗಿ ಕಂಡರೂ, ಇದರ ಹಿಂದೆ ನನಗೆ ಬಲು ಕಷ್ಟವಾದ ಪಾಠವೊಂದಿದೆ. ನೃತ್ಯದಲ್ಲಿ ನಡುವೆ ನಿಲ್ಲುವಂತಿಲ್ಲ. ಮೃದಂಗ ನಿಲ್ಲುವವರೆಗೆ, ಕಾಲಿಗೆ ಗಾಜು ಚುಚ್ಚಿದ್ದರೂ, ಮುಗಿಸಲೇಬೇಕು. ಅದನ್ನೇ ನಾವು ಶಿಸ್ತು ಎಂದು ಕರೆದೆವು, ಹಾಗೆ ಮುಗಿಸಿದವರನ್ನು ಹೊಗಳಿದೆವು. ಬಲವನ್ನು ಬೆಳೆಸುವ ಅಭ್ಯಾಸ ಕೇಳುವ ಶಿಸ್ತು ಬೇರೆಯದು: ಇನ್ನೂ ಎರಡು ಮಾಡಬಲ್ಲೆನೆಂಬ ಹಂತದಲ್ಲಿ ಕೆಳಗಿಡುವುದು, ಮುಂದಿನ ವಾರ ಕಿಲೋ ಎರಡು ಕಿಲೋ ಹೆಚ್ಚಿಸುವುದು, ಒಂದೇ ಸ್ನಾಯುವನ್ನು ಮತ್ತೆ ದುಡಿಸುವ ಮೊದಲು ಒಂದೆರಡು ದಿನ ಬಿಡುವು ಕೊಡುವುದು. ನೋವುಗಳನ್ನು ಬೇರೆಬೇರೆಯಾಗಿ ಗುರುತಿಸಲು ಕಲಿತದ್ದೂ ಆಗಲೇ. ಹೊಸ ವ್ಯಾಯಾಮದ ಮರುದಿನ ಶುರುವಾಗಿ, 24ರಿಂದ 72 ಗಂಟೆಗಳ ನಡುವೆ ಹೆಚ್ಚಿದ್ದು, ಸ್ನಾಯುವಿನ ತುಂಬ ಹರಡಿಕೊಂಡು ತಾನಾಗಿ ಇಳಿಯುವ ನೋವು ಒಂದು ಬಗೆ. ಅದಕ್ಕೆ ಹೆದರಬೇಕಿಲ್ಲ. ಕೀಲಿನಲ್ಲಿ, ಬೆರಳಿಟ್ಟು ತೋರಿಸಬಹುದಾದ ಒಂದು ಬಿಂದುವಿನಲ್ಲಿ, ಚಲನೆಯ ನಡುವೆಯೇ ಚುಚ್ಚುವ ನೋವು ಇನ್ನೊಂದು ಬಗೆ. ಅದು ಬಂದ ಕ್ಷಣ ನಿಲ್ಲಿಸಬೇಕು. ಇಪ್ಪತ್ತೆರಡು ವರ್ಷ ನಾನು ಈ ಎರಡಕ್ಕೂ ಒಂದೇ ಹೆಸರಿಟ್ಟಿದ್ದೆ, ಒಂದೇ ಮದ್ದನ್ನು, ಅಂದರೆ ಅಲಕ್ಷ್ಯವನ್ನು, ಕೊಟ್ಟಿದ್ದೆ.

ಅಲಕ್ಷ್ಯದ ಮಾತು ಬಂದಾಗ ಊಟದ ವಿಷಯ ಹೇಳಲೇಬೇಕು, ಬರೆಯಲು ಹಿಂಜರಿದು ಹಿಂಜರಿದು ಇಲ್ಲಿಯವರೆಗೆ ತಂದಿದ್ದೇನೆ. ರಂಗಪ್ರವೇಶಕ್ಕೆ ಮುಂಚಿನ ಎಂಟು ತಿಂಗಳು, ನನಗೆ ಇಪ್ಪತ್ತು ವರ್ಷವಾಗಿದ್ದಾಗ, ದಿನಕ್ಕೆ ಮೂರು ನಾಲ್ಕು ಗಂಟೆ ಅಭ್ಯಾಸ ಮಾಡುತ್ತ, ಸೊಂಟಪಟ್ಟಿ ಚೆನ್ನಾಗಿ ಕೂರಬೇಕೆಂಬ ಆಸೆಯಿಂದ ಒಂದು ಹೊತ್ತಿನ ಊಟವನ್ನೇ ಬಿಟ್ಟಿದ್ದೆ. ಮುಟ್ಟು ಐದು ತಿಂಗಳು ಬರಲಿಲ್ಲ. ನಾನು ಅದನ್ನು ಸಮಸ್ಯೆಯೆಂದುಕೊಳ್ಳಲಿಲ್ಲ. ನಿಜ ಹೇಳಬೇಕೆಂದರೆ ಅನುಕೂಲವೆಂದೇ ಎಣಿಸಿದೆ. ಸುತ್ತಲಿನವರು ಎಷ್ಟು ಸಣ್ಣಗಾಗಿದ್ದೀಯ ಎಂದು ಮೆಚ್ಚಿಕೊಂಡರು. ಅದರ ಮರುವರ್ಷ ಎರಡನೆಯ ಕಾಲ್ಬೆರಳಿಗೆ ಸೇರುವ ಪಾದದ ಉದ್ದ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿತು. ಬಿದ್ದು ಮುರಿದದ್ದಲ್ಲ, ತಟ್ಟಿ ತಟ್ಟಿ ದಣಿದು ಸೀಳಿದ್ದು. ಈ ಎರಡು ಸಂಗತಿಗಳಿಗೆ ಸಂಬಂಧವಿರಬಹುದೆಂದು ಯಾರೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ.

ನನ್ನ ಹಳೆಯ ಕಥೆಯನ್ನೆಲ್ಲ ಕೇಳಿದ ವೈದ್ಯೆಯೊಬ್ಬರು ಇಪ್ಪತ್ತು ವರ್ಷಗಳ ನಂತರ ಆ ಗಂಟನ್ನು ಬಿಡಿಸಿದರು. ದುಡಿಮೆಗೆ ತಕ್ಕಷ್ಟು ಆಹಾರ ಸಿಗದಿದ್ದರೆ ದೇಹ ಜೀವವುಳಿಸಲು ಅಗತ್ಯವಲ್ಲದ ಖರ್ಚುಗಳನ್ನು ಕಡಿತಗೊಳಿಸುತ್ತದೆ. ಮೊದಲು ನಿಲ್ಲುವವುಗಳಲ್ಲಿ ಸಂತಾನಕ್ಕೆ ಸಂಬಂಧಿಸಿದ ಹಾರ್ಮೋನುಗಳೂ ಸೇರಿವೆ. ಈಸ್ಟ್ರೋಜನ್ ಇಳಿದರೆ ಮುಟ್ಟು ನಿಲ್ಲುತ್ತದೆ, ಜೊತೆಗೆ ಮೂಳೆ ಸವೆಯುತ್ತದೆ. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು ಇಂಥ ಸ್ಥಿತಿಗೆ ಕ್ರೀಡೆಯಲ್ಲಿನ ಸಾಪೇಕ್ಷ ಶಕ್ತಿಕೊರತೆ ಎಂಬ ಅರ್ಥದ ಹೆಸರನ್ನು ಕೊಟ್ಟರು. ರೆಡ್-ಎಸ್ ಎಂದು ಕರೆಯಲಾಗುವ ಇದು ಗಂಡಸರನ್ನೂ ಬಿಡುವುದಿಲ್ಲ, ನರ್ತಕರಲ್ಲೂ ಹೊಸದೇನಲ್ಲ. ಮೂಳೆಯ ಉಳಿತಾಯದ ಖಾತೆ ಸುಮಾರು ಮೂವತ್ತರವರೆಗೆ ಮಾತ್ರ ತುಂಬುತ್ತದೆ, ಆಮೇಲೆ ಇದ್ದುದನ್ನು ಕಾಯ್ದುಕೊಳ್ಳುವ ಕೆಲಸ. ತುಂಬಬೇಕಾದ ವರ್ಷಗಳಲ್ಲೇ ನಾನು ಅದರಿಂದ ತೆಗೆದಿದ್ದೆ. ಸಾಂದ್ರತೆಯ ಪರೀಕ್ಷೆ ಮಾಡಿಸಿದಾಗ ನನ್ನ ಮೂಳೆಗಳು ವಯಸ್ಸಿಗೆ ಇರಬೇಕಾದ ಮಟ್ಟದ ಕೆಳ ಅಂಚಿನಲ್ಲಿದ್ದವು. ಅಪಾಯವಿಲ್ಲ, ಆದರೆ ಅಜಾಗರೂಕತೆಗೆ ಅವಕಾಶವೂ ಇಲ್ಲ. ಇಂದು ನೃತ್ಯ ಕಲಿಯುತ್ತಿರುವ ಹೆಣ್ಣುಮಕ್ಕಳ ತಾಯಂದಿರು ಯಾರಾದರೂ ಇದನ್ನು ಓದುತ್ತಿದ್ದರೆ, ಮಗಳ ಮುಟ್ಟು ಮೂರು ತಿಂಗಳು ತಪ್ಪಿದರೆ ಅದನ್ನು ಅಭ್ಯಾಸದ ದಣಿವೆಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಿ ಎಂದು ಕೇಳಿಕೊಳ್ಳುತ್ತೇನೆ.

ಆದ್ದರಿಂದ ನನ್ನ ಆರೋಗ್ಯದ ದಾರಿಯಲ್ಲಿ ಊಟವನ್ನು ಕಡಿಮೆ ಮಾಡುವುದಕ್ಕಿಂತ ಸರಿಯಾಗಿ ಉಣ್ಣಲು ಕಲಿಯುವುದೇ ದೊಡ್ಡ ಕೆಲಸವಾಯಿತು. ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ವಯಸ್ಕರಿಗೆ ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಲೆಕ್ಕ. ಭಾರ ಎತ್ತಿ ಸ್ನಾಯು ಬೆಳೆಸುವವರಿಗೆ 1.2ರಿಂದ 1.6 ಗ್ರಾಂ ಎಂದು ತಜ್ಞರು ಸೂಚಿಸುತ್ತಾರೆ. ನನ್ನ 62 ಕಿಲೋ ತೂಕಕ್ಕೆ ಅದು 75ರಿಂದ 100 ಗ್ರಾಂ. ನಾನು ತಿನ್ನುತ್ತಿದ್ದುದನ್ನು ಒಂದು ವಾರ ಬರೆದಿಟ್ಟು ಕೂಡಿಸಿದರೆ ನಲವತ್ತನ್ನೂ ದಾಟಿರಲಿಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ದೊಡ್ಡ ಲೋಟ ಹಾಲಿನಲ್ಲಿ 8, ಒಂದು ಬಟ್ಟಲು ಗಟ್ಟಿಯಾಗಿ ಬೇಯಿಸಿದ ಕಾಳಿನಲ್ಲಿ 15ಕ್ಕೂ ಹೆಚ್ಚು ಎಂದು ತಿಳಿದ ಮೇಲೆ ತಟ್ಟೆಯ ಲೆಕ್ಕ ಬದಲಾಯಿತು. ಧಾನ್ಯ ಅರ್ಧಕ್ಕಿಂತ ಕಡಿಮೆ, ಕಾಳು ಮತ್ತು ತರಕಾರಿ ಹೆಚ್ಚು. ಸಿಹಿಯನ್ನು ಪೂರ್ತಿ ಬಿಟ್ಟಿಲ್ಲ. ಬಿಡುತ್ತೇನೆಂದು ಶಪಥ ಮಾಡಿದಾಗಲೆಲ್ಲ ಹಳೆಯ ಹುಡುಗಿ ಎದ್ದು ಕುಳಿತು ಒಂದು ಹೊತ್ತಿನ ಊಟವನ್ನೂ ಬಿಡೋಣವೇ ಎಂದು ಕೇಳುತ್ತಾಳೆ. ಅವಳಿಗೆ ಅವಕಾಶ ಕೊಡದಿರುವುದು ಸಕ್ಕರೆಯ ಲೆಕ್ಕಕ್ಕಿಂತ ನನಗೆ ಮುಖ್ಯ. ಮನೆಯ ತೂಕದ ಯಂತ್ರವನ್ನೂ ಅಟ್ಟಕ್ಕೆ ಹಾಕಿದ್ದೇನೆ.

ಓಡುವುದು ನನಗೆ ಒಗ್ಗಲಿಲ್ಲ, ಬಿರುಸಿನ ನಡಿಗೆ ಒಗ್ಗಿತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನೂ, ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮವನ್ನೂ ಹೇಳುತ್ತದೆ. ಹತ್ತು ನಿಮಿಷಕ್ಕಿಂತ ಕಡಿಮೆಯದು ಲೆಕ್ಕಕ್ಕಿಲ್ಲ ಎಂಬ ಹಿಂದಿನ ಷರತ್ತನ್ನೂ ಅದು ಕೈಬಿಟ್ಟಿತು. ಹಾಗಾಗಿ ಮೆಟ್ಟಿಲು ಹತ್ತಿದ ಎರಡು ನಿಮಿಷವನ್ನೂ ನಾನು ಮನಸ್ಸಿಲ್ಲದ ದಿನಗಳಲ್ಲಿ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತೇನೆ. ಮಧ್ಯಮ ಶ್ರಮವನ್ನು ಅಳೆಯಲು ಯಂತ್ರ ಬೇಕಿಲ್ಲ: ಮಾತನಾಡಬಹುದು, ಆದರೆ ಹಾಡಲಾಗದು ಎನ್ನುವಷ್ಟು ಉಸಿರಾಟವಿದ್ದರೆ ಸರಿ. ನನ್ನ ಅಳತೆ ಇನ್ನೂ ಸುಲಭ, ಸೊಲ್ಲುಕಟ್ಟುಗಳನ್ನು, ಅಂದರೆ ಹೆಜ್ಜೆಗೆ ಹೇಳುವ ತಾಳದ ನುಡಿಗಳನ್ನು, ಹೇಳಿಕೊಂಡು ನಡೆಯುವುದು. ನಿಧಾನದ ಮೊದಲ ಕಾಲದಲ್ಲಿ ಹೇಳಲು ಬಂದು, ಅದರ ಇಮ್ಮಡಿ ವೇಗದ ಎರಡನೆಯ ಕಾಲದಲ್ಲಿ ಉಸಿರು ತಪ್ಪಿದರೆ ವೇಗ ಸರಿಯಾಗಿದೆ ಎಂದರ್ಥ.

ದೇಹದ ನಡುಭಾಗದ ಹಿಡಿತವನ್ನು ಬೆಳೆಸುವ ಪಿಲಾಟೀಸ್ ವ್ಯಾಯಾಮ ಮಾಡಬಾರದೇ ಎಂದು ಕೇಳುವ ಗೆಳತಿಯರು ಬಹಳ. ಜರ್ಮನಿಯಲ್ಲಿ 1883ರಲ್ಲಿ ಹುಟ್ಟಿ, 1920ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ತನ್ನ ವ್ಯಾಯಾಮಶಾಲೆಯನ್ನು ತೆರೆದ ಜೋಸೆಫ್ ಪಿಲಾಟೀಸ್ ಬಳಿಗೆ ಜಾರ್ಜ್ ಬ್ಯಾಲನ್‌ಶೀನ್, ಮಾರ್ಥಾ ಗ್ರಹಾಂ ಅವರಂಥ ನೃತ್ಯ ಸಂಯೋಜಕರ ಬಳಗದ ನರ್ತಕರು ಗಾಯಗಳನ್ನು ಹೊತ್ತು ಹೋಗುತ್ತಿದ್ದರು. ಆದ್ದರಿಂದ ನರ್ತಕಿಯರಿಗೂ ಅದಕ್ಕೂ ಹಳೆಯ ನಂಟು. ನಾನೂ ಆರು ತಿಂಗಳು ಮಾಡಿದೆ. ಸೊಂಟದ ಸುತ್ತಲಿನ ಹಿಡಿತ ನಿಜಕ್ಕೂ ಬಲಗೊಂಡಿತು. ಆದರೆ ಅದು ನೋಡಲು ನೃತ್ಯಕ್ಕೆ ತೀರ ಹತ್ತಿರವಾದ್ದರಿಂದ ನಾನು ಮತ್ತೆ ಚಂದವಾಗಿ ಮಾಡಲು ಶುರುಮಾಡಿದೆ, ಕಾಲ್ಬೆರಳ ತುದಿಯವರೆಗೆ. ಕಬ್ಬಿಣದ ಭಾರದ ಮುಂದೆ ಚಂದ ನಡೆಯುವುದಿಲ್ಲ. ಅದು ಮೇಲೆದ್ದಿತೋ ಇಲ್ಲವೋ ಎಂಬುದೊಂದೇ ಅಲ್ಲಿನ ವಿಮರ್ಶೆ, ನನಗೆ ಬೇಕಾದದ್ದೂ ಆ ಒರಟುತನವೇ.

ಈಗ ನನಗೆ 44. ವಾರಕ್ಕೆ ಮೂರು ದಿನ ಭಾರ, ಐದು ದಿನ ನಡಿಗೆ, ರಾತ್ರಿ ಏಳು ಗಂಟೆಗೆ ಕಡಿಮೆಯಿಲ್ಲದ ನಿದ್ದೆ. ಎಚ್‌ಬಿಎ1ಸಿ ಮೊದಲ ವರ್ಷದ ಕೊನೆಗೆ 5.8ಕ್ಕೆ, ಎರಡನೆಯ ವರ್ಷದ ಕೊನೆಗೆ 5.5ಕ್ಕೆ ಇಳಿಯಿತು. ಮೂಳೆಯ ಸಾಂದ್ರತೆ ಏರಿಲ್ಲ, ಇಳಿದೂ ಇಲ್ಲ. ಆ ಖಾತೆಯ ಮಟ್ಟಿಗೆ ಅದನ್ನೇ ಲಾಭವೆಂದು ಹೇಳುತ್ತಾರೆ. ನನ್ನ ತೂಕದಷ್ಟೇ ತೂಕವನ್ನು ನೆಲದಿಂದ ಎತ್ತುತ್ತೇನೆ. ಮಂಡಿ ಮಳೆಗಾಲದಲ್ಲಿ ಒಮ್ಮೊಮ್ಮೆ ಗೊಣಗುತ್ತದೆ. ತೊಡೆ ದಪ್ಪವಾಗಿದೆ, ಹಳೆಯ ರವಿಕೆಗಳು ತೋಳಿನಲ್ಲಿ ಹಿಡಿಯುತ್ತವೆ. ಮದುವೆಮನೆಗಳಲ್ಲಿ ಡ್ಯಾನ್ಸರ್ ಇರಬೇಕು ಎನ್ನುವವರು ಕಡಿಮೆಯಾಗಿದ್ದಾರೆ. ಇದರಿಂದ ಬೇಸರವೇ ಇಲ್ಲವೆಂದರೆ ಸುಳ್ಳಾಗುತ್ತದೆ.

ಹೋದ ತಿಂಗಳು ಅಟ್ಟದಿಂದ ಏನನ್ನೋ ತೆಗೆಯುವಾಗ ಗೆಜ್ಜೆಯ ಪೆಟ್ಟಿಗೆ ಕೈಗೆ ಬಂತು. ಚರ್ಮದ ಪಟ್ಟಿ ಒಣಗಿ ಸೀಳಿತ್ತು, ಕಟ್ಟಿಕೊಳ್ಳುವಂತಿರಲಿಲ್ಲ. ಅದನ್ನು ಪಕ್ಕಕ್ಕಿಟ್ಟು, ದಪ್ಪ ಚಾಪೆಯನ್ನು ಹಾಸಿ, ಹತ್ತು ನಿಮಿಷ ಮೈ ಬಿಸಿಮಾಡಿಕೊಂಡು, ಭೂಮಿಗೆ ನಮಸ್ಕರಿಸಿ ನಿಂತೆ. ಪಾದಗಳನ್ನು ನನ್ನ ಸೊಂಟ ಒಪ್ಪಿದಷ್ಟೇ ತೆರೆದೆ, ಮೊದಲು ತೆರೆಯುತ್ತಿದ್ದುದರ ಮುಕ್ಕಾಲು ಪಾಲು ಇರಬಹುದು. ಆ ಅರೆಮಂಡಿಯನ್ನು ನೋಡಿದ್ದರೆ ನನ್ನ ಗುರುಗಳು ಕೋಲಿನಿಂದ ನೆಲಕ್ಕೆ ಒಂದು ಪೆಟ್ಟು ಕೊಡುತ್ತಿದ್ದರು. ತೈಯಾ ತೈ. ಮೊದಲ ಕಾಲ ಮುಗಿಯಿತು, ಎರಡನೆಯ ಕಾಲವೂ ಮುಗಿಯಿತು, ಉಸಿರಿಗೆ ಏನೂ ಆಗಿರಲಿಲ್ಲ, ತೊಡೆಗಳು ಕೆಳಗೆ ಹಿಡಿದುಕೊಂಡಿದ್ದವು. ಮೂರನೆಯ ಕಾಲಕ್ಕೆ ಪಾದ ತಾನಾಗಿಯೇ ಎತ್ತಿಕೊಂಡಿತು. ನಾನು ಅಲ್ಲಿ ನಿಲ್ಲಿಸಿ, ನಮಸ್ಕಾರ ಮಾಡಿ, ಜಿಮ್ಮಿನ ಲೆಕ್ಕ ಬರೆಯುವ ಪುಸ್ತಕವನ್ನು ತೆರೆದು ಆ ದಿನದ ಸಾಲನ್ನು ಬರೆದೆ: ತಟ್ಟಡವು, ಮೊದಲ ನಾಲ್ಕು, ಎರಡು ಕಾಲ. ನಾಡಿ 128. ಮಂಡಿ ಏನೂ ಹೇಳಲಿಲ್ಲ. ಮುಂದಿನ ಮಂಗಳವಾರ ಐದನೆಯದು.